ಹೊಸ ಎಂಜಿನ್, ಹೊಸ ಇಂಜೆಕ್ಷನ್: ಎರಡೂ ಒಂದೇ ಸಲ ಬೇಡ

ಈ ಬಾರಿಯ ಮೂರೂ ಪ್ರಶ್ನೆಗಳು ಹಳೆಯ ಕಾರು ಸಾಕುತ್ತಿರುವವರಿಂದ ಬಂದಿವೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿ ಖರ್ಚೂ ದೊಡ್ಡದು, ಎಡವಿದರೆ ನಷ್ಟವೂ ದೊಡ್ಡದು.

ಪ್ರಶ್ನೆ: ನಾನಿರುವುದು ಮಿಶಿಗನ್‌ನ ನೋವೈಯಲ್ಲಿ. ನನ್ನ ಬಳಿ 1970ರ ಶೆವರ್ಲೆ ಶೆವೆಲ್ ಮಲಿಬು ಇದೆ, 350 ಘನ ಇಂಚಿನ ವಿ8 ಎಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರುತ್ತದೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ) ಆಯಿಲ್ ಪ್ರೆಶರ್ 8 ಪಿಎಸ್‌ಐಗೆ (ಚದರ ಇಂಚಿಗೆ 8 ಪೌಂಡ್) ಇಳಿಯುತ್ತದೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿ, ಜೊತೆಗೇ ಕಾರ್ಬುರೇಟರ್ ತೆಗೆದು ಫ್ಯೂಯಲ್ ಇಂಜೆಕ್ಷನ್ ಹಾಕಿಸುವ ಆಸೆ. 400 ಎಚ್‌ಪಿ ಬೇಕು. ಈ ಚಳಿಗಾಲದಲ್ಲೇ ಎಲ್ಲ ಮುಗಿದೀತೇ?

ಉತ್ತರ: ಎಂಜಿನ್ ಕೆಲಸ ಮುಗಿದೀತು. ಇಂಜೆಕ್ಷನ್ ಮಾತ್ರ ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು, ಎಂಜಿನ್ ಇಳಿಸಲೇಬೇಕೇ ಎಂಬುದು ಖಚಿತವಾಗಲಿ.

ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತುಹೋದರೆ ಬಹುಪಾಲು ವಾಲ್ವ್ ಸೀಲ್‌ಗಳ ದೋಷ. ಎಂಜಿನ್‌ಗೆ ಭಾರ ಬಿದ್ದಾಗ, ಏರು ಹತ್ತುವಾಗ ಹೊಗೆ ಕಂಡರೆ ಪಿಸ್ಟನ್ ರಿಂಗ್‌ಗಳನ್ನು ಅನುಮಾನಿಸಬೇಕು. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅದರ ಜೊತೆ ಲೀಕ್-ಡೌನ್ ಟೆಸ್ಟನ್ನೂ ಮಾಡಿಸಿ. ಸಿಲಿಂಡರ್‌ಗೆ ಗಾಳಿ ತುಂಬಿದಾಗ ಅದು ಎಕ್ಸಾಸ್ಟ್‌ನಲ್ಲಿ ಸೋರುತ್ತಿದೆಯೋ, ಆಯಿಲ್ ಹಾಕುವ ಬಾಯಿಯಲ್ಲಿ ಸೋರುತ್ತಿದೆಯೋ ಎಂದು ಕಿವಿಗೊಟ್ಟರೆ ಸಾಕು, ದೋಷ ವಾಲ್ವ್‌ನದೋ ರಿಂಗ್‌ನದೋ ತಿಳಿಯುತ್ತದೆ. ಇನ್ನು ಆಯಿಲ್ ಪ್ರೆಶರ್. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ವರ್ಕ್‌ಶಾಪ್‌ಗಳ ಹಳೆಯ ಲೆಕ್ಕ. ಆ ಲೆಕ್ಕದಲ್ಲಿ 700 ಆರ್‌ಪಿಎಂ ಐಡಲ್‌ನಲ್ಲಿ 8 ಪಿಎಸ್‌ಐ ಎಂದರೆ ಸಾವೇನಲ್ಲ. ಒಳ್ಳೆಯ ಮೆಕ್ಯಾನಿಕಲ್ ಗೇಜ್ ನೇರವಾಗಿ ಎಂಜಿನ್ ಬ್ಲಾಕ್‌ಗೆ ಜೋಡಿಸಿ ನೋಡಿ. ಗೇಜ್‌ಗೆ ಪ್ರೆಶರ್ ತಿಳಿಸುವ ಸೆಂಡರ್ ಕೆಟ್ಟಿದ್ದರೂ ಅದರ ಮಾತು ನಂಬಿ ಎಂಜಿನ್ ಇಳಿಸಿದವರು ಎಷ್ಟೋ ಮಂದಿ.

ಇಳಿಸಲೇಬೇಕಾದರೆ, ಬ್ಲಾಕನ್ನು ಮೆಷಿನ್ ಶಾಪ್‌ಗೆ ಕೊಡುವ ಮುನ್ನ ಅದರ ಮುಂಭಾಗದಲ್ಲಿ, ಬಲಗಡೆಯ ಹೆಡ್‌ನ ಎದುರಿಗಿರುವ ಚಿಕ್ಕ ಸಮತಟ್ಟಾದ ಜಾಗ ನೋಡಿ. ಎಂಜಿನ್ ಕೋಡ್ ಮತ್ತು ಕಾರಿನ ಕ್ರಮಸಂಖ್ಯೆಯ ಒಂದು ಭಾಗ ಅಲ್ಲಿ ಕೊರೆದಿರುತ್ತದೆ. ಸಂಖ್ಯೆ ನಿಮ್ಮ ಕಾರಿನದ್ದೇ ಆಗಿದ್ದರೆ, ಬ್ಲಾಕ್‌ನ ಮೇಲ್ಮೈ ಹೆರೆಯುವಾಗ ಆ ಜಾಗ ಮುಟ್ಟಬಾರದೆಂದು ಬರೆದುಕೊಡಿ, ಬಾಯಿಮಾತಿಗೆ ಬಿಡಬೇಡಿ. ಅಳಿಸಿದ ಅಂಕಿ ಮತ್ತೆ ಬಾರದು, ಕಾರಿನ ಬೆಲೆಯೂ ಅದರ ಜೊತೆ ಇಳಿಯುತ್ತದೆ.

350ರ ಬೋರ್ (ಸಿಲಿಂಡರ್‌ನ ವ್ಯಾಸ) 4.00 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.48 ಇಂಚು. 0.030 ಇಂಚು ರೀಬೋರ್ ಮಾಡಿಸಿದರೆ 355 ಘನ ಇಂಚಾಗುತ್ತದೆ. ಅಷ್ಟಕ್ಕೆ ನಿಲ್ಲಿಸಿ. ಬೋರ್‌ಗೂ ಮೊದಲು ಬ್ಲಾಕ್, ಕ್ರ್ಯಾಂಕ್ ಎರಡನ್ನೂ ಮ್ಯಾಗ್ನೆಟಿಕ್ ಟೆಸ್ಟ್ ಮಾಡಿಸಿ ಬಿರುಕಿಲ್ಲವೆಂದು ತಿಳಿದುಕೊಳ್ಳಿ. ಹೋನಿಂಗ್ (ಸಿಲಿಂಡರ್ ಗೋಡೆಯನ್ನು ಹದವಾಗಿ ಉಜ್ಜುವುದು) ಮಾಡುವಾಗ ಬ್ಲಾಕ್‌ಗೆ ಟಾರ್ಕ್ ಪ್ಲೇಟ್, ಅಂದರೆ ಹೆಡ್‌ನ ಬದಲಿಗೆ ಕೂರಿಸುವ ದಪ್ಪ ಫಲಕ, ಬಿಗಿದೇ ಮಾಡಲು ಹೇಳಿ. ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಗೋಡೆ ಸ್ವಲ್ಪ ಸೊಟ್ಟಗಾಗುತ್ತದೆ; ಆ ಸ್ಥಿತಿಯಲ್ಲೇ ಅದು ಗುಂಡಗಿರಬೇಕು. ಮೇನ್ ಬೇರಿಂಗ್‌ನ ಸಂದನ್ನು, ಜರ್ನಲ್‌ನ (ಕ್ರ್ಯಾಂಕ್‌ನಲ್ಲಿ ಬೇರಿಂಗ್ ಒಳಗೆ ತಿರುಗುವ ಭಾಗ) ಪ್ರತಿ ಇಂಚು ವ್ಯಾಸಕ್ಕೆ ಇಂಚಿನ ಸಾವಿರದ ಒಂದು ಭಾಗದಂತೆ ಹಿಡಿಯುತ್ತಾರೆ. ನಿಮ್ಮ 2.45 ಇಂಚಿನ ಜರ್ನಲ್‌ಗೆ 0.0025ರ ಸುಮಾರು. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹಾಳೆ ಕೊಡಲು ಹಿಂಜರಿಯುವ ಅಂಗಡಿಗೆ ಕೆಲಸ ಕೊಡಬೇಡಿ.

400 ಎಚ್‌ಪಿ ದುರಾಸೆಯಲ್ಲ. 1970ರಲ್ಲಿ ನಾಲ್ಕು ಬ್ಯಾರೆಲ್ ಕಾರ್ಬುರೇಟರ್‌ನ 350ಕ್ಕೆ ಕಂಪನಿ ಹೇಳಿಕೊಂಡದ್ದು 300. ಅದೂ ಏರ್ ಕ್ಲೀನರ್, ಸೈಲೆನ್ಸರ್‌ಗಳಿಲ್ಲದೆ ಅಳೆದ ಗ್ರಾಸ್ ಲೆಕ್ಕ. ಇಂದಿನ ಅಲ್ಯೂಮಿನಿಯಂ ಹೆಡ್, ಸರಿಯಾದ ಕ್ಯಾಮ್ (ವಾಲ್ವ್‌ಗಳನ್ನು ತೆರೆಯಿಸುವ ದಂಡ), ಹತ್ತರ ಒಳಗಿನ ಕಂಪ್ರೆಷನ್ ಅನುಪಾತ ಸೇರಿದರೆ 400ರ ಹತ್ತಿರ ಹೋಗಬಹುದು. ಹಳೆಯ ಬೀಡು ಹೆಡ್‌ಗಳನ್ನೇ ಉಳಿಸಿಕೊಂಡರೆ ಆ ಅನುಪಾತ 9.5 ದಾಟದಿರಲಿ, ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಹಾಕಿಸಿ. ಅಂದಿನ ಪೆಟ್ರೋಲ್‌ನಲ್ಲಿದ್ದ ಸೀಸ ಆ ಸೀಟ್‌ಗಳನ್ನು ಕಾಯುತ್ತಿತ್ತು, ಈಗ ಕಾಯುವವರಿಲ್ಲ.

ಕ್ಯಾಮ್ ವಿಷಯದಲ್ಲಿ ನನ್ನ ಸಲಹೆ ಹೈಡ್ರಾಲಿಕ್ ರೋಲರ್, ಅಂದರೆ ಕ್ಯಾಮ್ ಮೇಲೆ ಕೂರುವ ಲಿಫ್ಟರ್‌ಗಳ ತಳದಲ್ಲಿ ಉರುಳೆಯಿರುವ ಬಗೆ. ದುಬಾರಿ, ನಿಜ. ನಿಮ್ಮ ಬ್ಲಾಕ್ 1987ಕ್ಕಿಂತ ಹಳೆಯದಾದ್ದರಿಂದ ಪಟ್ಟಿಯಿಂದ ಜೋಡಿಸಿದ ಲಿಫ್ಟರ್‌ಗಳು ಬೇಕು, ಕ್ಯಾಮ್ ಮುಂದಕ್ಕೆ ಸರಿಯದಂತೆ ತಡೆಯುವ ಬಟನ್ ಬೇಕು, ಕ್ಯಾಮ್‌ನ ಲೋಹಕ್ಕೆ ಹೊಂದುವ ಡಿಸ್ಟ್ರಿಬ್ಯೂಟರ್ ಗೇರ್ ಬೇಕು. ಆದರೆ ಚಪ್ಪಟೆ ತಳದ ಲಿಫ್ಟರ್ ಉಜ್ಜಿಕೊಂಡು ಓಡುವ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಉಳಿಯುವುದೂ ಹಾಳಾಗುವುದೂ ಮೊದಲ ಅರ್ಧ ಗಂಟೆಯಲ್ಲಿ. ಅದನ್ನೇ ಹಾಕಿಸುವುದಾದರೆ, ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಏರಿಳಿಸುತ್ತಾ 20-30 ನಿಮಿಷ ಓಡಿಸಬೇಕು. ಸತು ಮತ್ತು ರಂಜಕ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಇಂದಿನ ಕಾರುಗಳ ತೆಳು ಆಯಿಲ್‌ಗಳಲ್ಲಿ ರಂಜಕವನ್ನು 800 ಪಿಪಿಎಂಗೆ (ಹತ್ತು ಲಕ್ಷದಲ್ಲಿ 800 ಪಾಲು) ಮಿತಿಗೊಳಿಸಿದ್ದಾರೆ. ಫ್ಲಾಟ್ ಟ್ಯಾಪೆಟ್‌ಗೆ ಅದು ಸಾಲದು. ಕ್ಯಾಮ್ ಯಾವುದೇ ಇರಲಿ, ಸ್ಟಾರ್ಟ್ ಮಾಡುವ ಮುನ್ನ ಡಿಸ್ಟ್ರಿಬ್ಯೂಟರ್ ತೆಗೆದು, ಪ್ರೈಮಿಂಗ್ ಟೂಲ್ ಹಾಕಿ, ಡ್ರಿಲ್‌ನಿಂದ ಆಯಿಲ್ ಪಂಪನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ. ಹದಿನಾರೂ ರಾಕರ್‌ಗಳಲ್ಲಿ ಆಯಿಲ್ ಜಿನುಗುವವರೆಗೆ ನಿಲ್ಲಿಸಬೇಡಿ.

ಇಂಜೆಕ್ಷನ್ ಈಗ ಬೇಡ ಎಂದದ್ದು ಇದಕ್ಕೇ. ಆ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್ ತಕ್ಷಣ ಹಿಡಿಯಬೇಕು. ಹೊಸ ವೈರಿಂಗ್, ಹೊಸ ಸೆನ್ಸರ್‌ಗಳ ಜೊತೆ ಒದ್ದಾಡುತ್ತಾ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಕ್ಯಾಮ್ ಮೇಲೆ ಹಚ್ಚಿದ ಪೇಸ್ಟ್ ಒರಸಿಹೋಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಕಾರ್ಬುರೇಟರ್ ಜಾಗದಲ್ಲಿ ಕೂರುವ ಥ್ರಾಟಲ್ ಬಾಡಿ ಇಂಜೆಕ್ಷನ್‌ಗಳು ಎಕ್ಸಾಸ್ಟ್‌ನ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಅಳೆಯುತ್ತವೆ. ಸೆನ್ಸರ್‌ಗಿಂತ ಮುಂಚೆ ಹೆಡರ್ (ಎಂಜಿನ್‌ಗೆ ಜೋಡಿಸಿದ ಎಕ್ಸಾಸ್ಟ್ ಪೈಪ್‌ಗಳು) ಗ್ಯಾಸ್ಕೆಟ್‌ನಲ್ಲಿ ಕೂದಲೆಳೆಯ ಸೋರಿಕೆ ಇದ್ದರೂ ಹೊರಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಯಿತೆಂದು ಯಂತ್ರ ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪೊರೆಯನ್ನು ತೊಳೆದುಹಾಕುತ್ತದೆ, ಹೊಸ ರಿಂಗ್‌ಗಳು ಕೂರುವುದೇ ಇಲ್ಲ. ಆಗ ಹೊಗೆ ಬಂದರೆ ದೋಷ ಮೆಷಿನ್ ಶಾಪ್‌ನದೋ ಇಂಜೆಕ್ಷನ್‌ನದೋ ಯಾರೂ ಹೇಳಲಾರರು. ಟ್ಯಾಂಕ್ ತೊಳೆಸಿ, ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿ, ಒಂದು ಬೇಸಿಗೆ ಪೂರ್ತಿ ಕಾರ್ಬುರೇಟರ್‌ನಲ್ಲೇ ಓಡಿಸಿ. 355 ಘನ ಇಂಚು 6000 ಆರ್‌ಪಿಎಂನಲ್ಲಿ ಎಳೆಯುವ ಗಾಳಿ, ಪೂರ್ತಿ ತುಂಬಿದರೂ, 616 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಹಾಗಾಗಿ 650ರ ಕಾರ್ಬುರೇಟರ್ ಧಾರಾಳ. 750 ಕೊಳ್ಳಬೇಡಿ.

ಮುಂದಿನ ಚಳಿಗಾಲ ಇಂಜೆಕ್ಷನ್ ಹಾಕುವಾಗ ಕೆಲಸವನ್ನು ಟ್ಯಾಂಕ್‌ನಿಂದ ಶುರುಮಾಡಿ. ಹೆಚ್ಚಿನವರು ಥ್ರಾಟಲ್ ಬಾಡಿಗೆ ಹಣ ಸುರಿದು ಟ್ಯಾಂಕ್‌ನಲ್ಲಿ ಉಳಿತಾಯ ಮಾಡುತ್ತಾರೆ. ಕಾರ್ಬುರೇಟರ್‌ಗೆ ಪೆಟ್ರೋಲ್ ನಿಲ್ಲುವ ತನ್ನದೇ ಬೌಲ್ ಇದೆ. ತಿರುವಿನಲ್ಲಿ ಟ್ಯಾಂಕ್‌ನ ಪೆಟ್ರೋಲ್ ಪಕ್ಕಕ್ಕೆ ಹೊರಳಿ ಪಂಪ್ ಒಂದು ಕ್ಷಣ ಗಾಳಿ ಎಳೆದರೂ ಬೌಲ್‌ನಲ್ಲಿರುವುದು ಸಾಕಾಗುತ್ತದೆ. ಇಂಜೆಕ್ಷನ್‌ಗೆ ಆ ಆಸರೆಯಿಲ್ಲ. ಪ್ರೆಶರ್ ಬಿದ್ದ ಕ್ಷಣವೇ ಎಂಜಿನ್ ಕೆಮ್ಮುತ್ತದೆ. ಒಳಗೆ ತಡೆಗೋಡೆಗಳಿರುವ, ಪಂಪ್ ಒಳಗೇ ಮುಳುಗಿರುವ ಟ್ಯಾಂಕ್ ಹಾಕಿಸಿ. ಪೆಟ್ರೋಲ್‌ನಲ್ಲಿ ಮುಳುಗಿದ ಪಂಪ್ ತಣ್ಣಗಿರುತ್ತದೆ, ಸದ್ದೂ ಕಡಿಮೆ, ಬಾಳಿಕೆಯೂ ಹೆಚ್ಚು.

ಪಂಪ್‌ನ ಗಾತ್ರಕ್ಕೆ ಸರಳ ಲೆಕ್ಕವಿದೆ. ಟರ್ಬೊ ಇಲ್ಲದ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಪೆಟ್ರೋಲ್ ಕುಡಿಯುತ್ತದೆ. 400ಕ್ಕೆ 200 ಪೌಂಡ್, ಅಂದರೆ ಸುಮಾರು 120 ಲೀಟರ್. ಪ್ರೆಶರ್ ಏರಿದಂತೆ ಪಂಪ್‌ನ ಹರಿವು ಇಳಿಯುವುದರಿಂದ, 60 ಪಿಎಸ್‌ಐನಲ್ಲಿ ಎಷ್ಟು ಕೊಡುತ್ತದೆ ಎಂಬ ಅಂಕಿ ನೋಡಿಯೇ ಕೊಳ್ಳಿ. 255 ಲೀಟರ್‌ನ ಪಂಪ್ ನಿಮಗೆ ಸಾಕು. ಹೋಗಲು 3/8 ಇಂಚಿನ ಲೈನ್, ಮರಳಲು ಟ್ಯಾಂಕ್‌ವರೆಗೂ ಒಂದು ರಿಟರ್ನ್ ಲೈನ್. ಕಾರ್ಬುರೇಟರ್ ಕಾಲದ ಹೋಸ್ 6 ಪಿಎಸ್‌ಐಗೆ ಮಾಡಿದ್ದು. ಅದೇ ಹೋಸ್ 60ರಲ್ಲಿ ಸಿಡಿದರೆ ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೆ ಚಿಮ್ಮುತ್ತದೆ. ಈ ಒಂದು ವಿಷಯದಲ್ಲಿ ದಯವಿಟ್ಟು ಹಣ ಉಳಿಸಬೇಡಿ. ನಿಮ್ಮಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಹಾಕುವುದರಿಂದ ಸ್ಟೇನ್‌ಲೆಸ್ ಅಥವಾ ತಾಮ್ರ-ನಿಕ್ಕಲ್ ಪೈಪ್ ಒಳ್ಳೆಯದು.

ಪ್ರಶ್ನೆ: ಟೆಕ್ಸಾಸ್‌ನ ಫ್ರಿಸ್ಕೊದಲ್ಲಿದ್ದೇನೆ. ನನ್ನ 1967ರ ಮಸ್ಟಾಂಗ್ 289 ಬೇಸಿಗೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ವೇಪರ್ ಲಾಕ್ (ಪೆಟ್ರೋಲ್ ಆವಿಯಾಗಿ ಲೈನ್ ಕಟ್ಟಿಕೊಳ್ಳುವುದು) ಎನ್ನುತ್ತಾರೆ. ಎಲೆಕ್ಟ್ರಿಕ್ ಪಂಪ್ ಹಾಕಲೇ?

ಉತ್ತರ: ಮೊದಲು ಏರ್ ಕ್ಲೀನರ್ ತೆಗೆದು, ಎಂಜಿನ್ ಆಫ್ ಇರುವಾಗಲೇ ಥ್ರಾಟಲ್ ತಿರುಗಿಸಿ ಕಾರ್ಬುರೇಟರ್ ಒಳಗೆ ನೋಡಿ. ಪೆಟ್ರೋಲ್ ಚಿಮ್ಮದಿದ್ದರೆ ಬೌಲ್ ಬರಿದಾಗಿದೆ. ಲೈನ್‌ನಲ್ಲಿ ಆವಿ ಕಟ್ಟಿರುವ ಸಾಧ್ಯತೆ ಹೆಚ್ಚು. ಚಿಮ್ಮಿದರೆ, ಜೊತೆಗೆ ಪೆಟ್ರೋಲ್ ವಾಸನೆಯೂ ಗಾಢವಾಗಿದ್ದರೆ ಕಥೆ ಬೇರೆ. ಎಂಜಿನ್‌ನ ಬಿಸಿಗೆ ಬೌಲ್ ಕುದಿದು ಮ್ಯಾನಿಫೋಲ್ಡ್‌ಗೆ ಪೆಟ್ರೋಲ್ ತೊಟ್ಟಿಕ್ಕಿದೆ. ಆಗ ಪೆಡಲ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಹಿಡಿಯುತ್ತದೆ.

ಕುದಿಯುವುದೇ ಕಾರಣವಾದರೆ ಎಲೆಕ್ಟ್ರಿಕ್ ಪಂಪ್‌ನಿಂದ ಉಪಯೋಗವಿಲ್ಲ. ಕಾರ್ಬುರೇಟರ್ ಕೆಳಗೆ ಶಾಖ ತಡೆಯುವ ದಪ್ಪ ಸ್ಪೇಸರ್ ಹಾಕಿ, ಬಾನೆಟ್‌ಗೆ ತಾಗದಂತೆ ಎತ್ತರ ನೋಡಿಕೊಳ್ಳಿ. ಆವಿಯೇ ಕಾರಣವಾದರೆ ಟ್ಯಾಂಕ್ ಪಕ್ಕದ ಎಲೆಕ್ಟ್ರಿಕ್ ಪಂಪ್ ನಿಜಕ್ಕೂ ಸಹಾಯ ಮಾಡುತ್ತದೆ. ಎಂಜಿನ್‌ಗೆ ಅಂಟಿದ ಮೆಕ್ಯಾನಿಕಲ್ ಪಂಪ್ ಪೆಟ್ರೋಲನ್ನು ದೂರದಿಂದ ಎಳೆಯುತ್ತದೆ, ಎಳೆದಾಗ ಪ್ರೆಶರ್ ಇಳಿದು ಬೇಗ ಕುದಿಯುತ್ತದೆ. ಹಿಂದಿನಿಂದ ತಳ್ಳಿದರೆ ಕುದಿಯುವ ಬಿಂದು ಏರುತ್ತದೆ. ಆದರೆ ಅಪಘಾತವಾದರೆ ಪಂಪ್ ತಾನಾಗಿ ನಿಲ್ಲಬೇಕು. ಇನರ್ಷಿಯಾ ಸ್ವಿಚ್ ಅಥವಾ ಆಯಿಲ್ ಪ್ರೆಶರ್ ಸ್ವಿಚ್ ಇಲ್ಲದೆ ಹಾಕಿಸಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ನನ್ನ ತಂದೆಯವರ ಕಾಂಟೆಸ್ಸಾ ಕ್ಲಾಸಿಕ್ ಇದೆ, 1.8 ಪೆಟ್ರೋಲ್. ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಬಹುದೇ?

ಉತ್ತರ: ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಬಿಡುಗಡೆಯಾದ ಇ20 ಈಗ ಪಂಪ್‌ಗಳಲ್ಲಿ ಸಾಮಾನ್ಯವಾಗಿರುವುದರಿಂದ ಕಾರನ್ನೇ ಅದಕ್ಕೆ ಹೊಂದಿಸುವುದು ಲೇಸು. ಟ್ಯಾಂಕ್‌ನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಹೋಸ್, ಪಂಪ್‌ನ ಡಯಾಫ್ರಮ್, ಕಾರ್ಬುರೇಟರ್‌ನ ಗ್ಯಾಸ್ಕೆಟ್‌ಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿ. ಬರಿ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್‌ನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ, ಪಿಕಪ್ ಇಳಿಯುತ್ತದೆ. ಪ್ಲಗ್‌ಗಳ ಬಣ್ಣ ನೋಡುತ್ತಾ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿಸಿ. ಎಥನಾಲ್ ನೀರು ಹೀರುತ್ತದೆ, ನೀರು ಹೆಚ್ಚಾದರೆ ಅದರೊಡನೆ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರು ತೆಗೆಯದಿದ್ದರೆ ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಬೇಡಿ. ಹೋಸ್ ಬದಲಿಸುವ ದಿನವೇ ಟ್ಯಾಂಕ್ ಇಳಿಸಿ ತುಕ್ಕು ನೋಡಿಸಿ, ಹೊಸ ಫಿಲ್ಟರ್ ಹಾಕಿಸಿ, ಮೊದಲೆರಡು ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಆ ಫಿಲ್ಟರನ್ನೂ ಬದಲಿಸಿ.