ನಿಶ್ಚಿತಾರ್ಥದಲ್ಲಿ ಪಾರಿವಾಳ ಹಾರಿಬಿಡುವ ಚಿತ್ರ

ತೀರ್ಥಹಳ್ಳಿಯ ತುಂಗಾ ದಡದಲ್ಲಿ ನಿಶ್ಚಿತಾರ್ಥದ ಜೋಡಿ ಸಂಜೆ ಬಿಳಿ ಪಾರಿವಾಳಗಳನ್ನು ಹಾರಿಬಿಡುವಾಗ ರೆಕ್ಕೆ ಮಸುಕಾಗದಂತೆ ಚಿತ್ರ ತೆಗೆಯುವುದು ಹೇಗೆಂದು ಕೇಳಿದ್ದೀರಿ. ಶಟರ್ ವೇಗ ಸೆಕೆಂಡಿನ 1/2000ಕ್ಕಿಂತ ನಿಧಾನವಾಗದಿರಲಿ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಬೇಕಾದರೂ ಹಿಂಜರಿಯಬೇಡಿ.

ಮೋಡ ಕವಿದ ಆಕಾಶದ ಎದುರು ಬಿಳಿ ಹಕ್ಕಿ ಎದ್ದು ಕಾಣುವುದಿಲ್ಲವಾದ್ದರಿಂದ, ಅಡಿಕೆ ತೋಟದ ಕಡುಹಸಿರು ಹಿನ್ನೆಲೆಯಾಗುವಂತೆ ಜೋಡಿಯ ಪಕ್ಕಕ್ಕೆ ನಿಲ್ಲಿ. ಆದರೆ ಆ ಕಪ್ಪು ಹಿನ್ನೆಲೆಯನ್ನು ಕಂಡ ಕ್ಯಾಮೆರಾ ಹೆಚ್ಚು ಬೆಳಕು ತೆಗೆದುಕೊಂಡು ಗರಿಗಳನ್ನು ಬರೀ ಬಿಳಿ ಕಲೆಯಾಗಿಸುತ್ತದೆ. ಹಾಗಾಗಿ ವಧುವಿನ ಕೈಗೆ ಬಿಳಿ ಕರವಸ್ತ್ರ ಕೊಟ್ಟು ಪರೀಕ್ಷೆಗೆ ಒಂದೆರಡು ಚಿತ್ರ ತೆಗೆದು, ಬಟ್ಟೆಯ ನೇಯ್ಗೆ ಕಾಣುವಷ್ಟು ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ತಗ್ಗಿಸಿ, ಕ್ಯಾಮೆರಾ ತಾನಾಗಿ ಬದಲಿಸದ ಮ್ಯಾನ್ಯುಯಲ್ ಮೋಡ್‌ನಲ್ಲಿ ಅದನ್ನೇ ಉಳಿಸಿಕೊಳ್ಳಿ. ಫೋಕಸ್ ಮುಖಗಳ ಮೇಲಿರಲಿ. ಬೆರಳುಗಳು ಸಡಿಲಗೊಳ್ಳುವ ಮೊದಲೇ ಬರ್ಸ್ಟ್ (ಒಂದರ ಹಿಂದೊಂದು ಸತತ ಚಿತ್ರ ತೆಗೆಯುವುದು) ಆರಂಭಿಸಿ, ಏಕೆಂದರೆ ಹಕ್ಕಿ ಕಣ್ಣುಮಿಟುಕಿಸುವಷ್ಟರಲ್ಲಿ ಚೌಕಟ್ಟಿನಿಂದಾಚೆ ಹೋಗಿರುತ್ತದೆ.

ಸಂಜೆಯ ಸಮಯಕ್ಕೆ ಮಾತ್ರ ನನ್ನ ಸ್ಪಷ್ಟ ಆಕ್ಷೇಪವಿದೆ. ಗೂಡಿಗೆ ಮರಳಲು ತರಬೇತಾದ ಪಾರಿವಾಳಗಳಿಗೂ ಹಗಲ ಬೆಳಕು ಬೇಕು, ಮಳೆ ಮಂಜಿನಲ್ಲಂತೂ ಬಿಡಲೇಬಾರದು. ಪೇಟೆಯಿಂದ ಕೊಂಡುತಂದ ತರಬೇತಿಯಿಲ್ಲದ ಹಕ್ಕಿಗಳಾದರೆ ಹಾರಿಬಿಡುವ ಯೋಚನೆಯನ್ನೇ ಕೈಬಿಡುವಂತೆ ಮನೆಯವರಿಗೆ ಹೇಳಿ. ಸಾಕಿದವರನ್ನು ವಿಚಾರಿಸಿ, ಕಾರ್ಯಕ್ರಮವನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡರೆ ಬೆಳಕಿನ ಕೊರತೆಯೂ ನೀಗುತ್ತದೆ.