ಚರ್ಚ್ ಪರದೆ ನಡೆಸಲು ಹೊಸ ಹುಡುಗರನ್ನು ತಯಾರು ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಮುಂಬೈ ಉಪನಗರದ ಸಣ್ಣ ಕನ್ನಡ ಸಭೆ. ಇಂಗ್ಲಿಷ್ ಆರಾಧನೆ ಮುಗಿದ ಮೇಲೆ ಅದೇ ಚರ್ಚ್‌ನಲ್ಲಿ ನಮ್ಮ ಆರಾಧನೆ ನಡೆಯುತ್ತದೆ. ಪರದೆ ಮೇಲೆ ಹಾಡು, ಬೈಬಲ್ ವಚನ ಹಾಕುವುದು, ಯೂಟ್ಯೂಬ್ ಲೈವ್ ಎಲ್ಲವನ್ನೂ ಒಬ್ಬನೇ ಹುಡುಗ ನೋಡಿಕೊಳ್ಳುತ್ತಿದ್ದ. ಈಗ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ನಾಲ್ಕೈದು ಮಕ್ಕಳು ಮುಂದೆ ಬಂದಿದ್ದಾರೆ. ಕಂಪ್ಯೂಟರ್‌ನಲ್ಲಿ ಜಾಣರು, ಆದರೆ ಇಲ್ಲೇ ಹುಟ್ಟಿ ಬೆಳೆದವರು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹೇಗೆ ಕಲಿಸಬೇಕು?

ಉತ್ತರ: ಮೊದಲು ಆ ಹುಡುಗ ಪುಣೆಗೆ ಹೊರಡುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ. ಯೂಟ್ಯೂಬ್ ಚಾನೆಲ್ ಅವನ ಸ್ವಂತ ಜಿಮೇಲ್‌ನಲ್ಲಿ ಇದೆಯೇ ನೋಡಿ. ಇದ್ದರೆ ಸಭೆಯ ಹೆಸರಿನ ಖಾತೆಗೆ ಅಧಿಕಾರ ಕೊಡಿಸಿ. ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆಸಿಡಿ. ಎಲ್ಲವೂ ಅವನ ತಲೆಯಲ್ಲೇ ಇರುತ್ತದೆ, ಹೋದ ಮೇಲೆ ಭಾನುವಾರ ಬೆಳಿಗ್ಗೆ ಫೋನ್ ಮಾಡಿದರೆ ಅವನಾದರೂ ಏನು ಮಾಡಿಯಾನು?

ಇನ್ನು ಓದುವ ವಿಷಯ. ನಿಮ್ಮ ನಿಜವಾದ ತೊಂದರೆ ಇದೇ, ಕಂಪ್ಯೂಟರ್ ಅಲ್ಲವೇ ಅಲ್ಲ. ಪರದೆ ನಡೆಸುವವನು ಹಾಡಿನ ಜೊತೆಗೇ ಹೋಗಬೇಕು. ಸಭೆ ಎರಡನೇ ಚರಣಕ್ಕೆ ಬಂದಿದೆಯೋ, ಪಲ್ಲವಿಗೆ ಮರಳಿದೆಯೋ ತಿಳಿಯದಿದ್ದರೆ ಎಷ್ಟು ದೊಡ್ಡ ಪ್ರೊಜೆಕ್ಟರ್ ಇದ್ದರೂ ಸುಮ್ನೆ. ಆದರೆ ಮುಂಬೈ ಮಕ್ಕಳಿಗೆ ಶಾಲೆಯಲ್ಲಿ ಕಲಿತ ಮರಾಠಿ, ಹಿಂದಿ ಇದೆ. ದೇವನಾಗರಿ ಚೆನ್ನಾಗಿ ಓದುತ್ತಾರೆ. ಕನ್ನಡದ ಅಕ್ಷರಗಳೂ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿವೆ. ಹೀಗಾಗಿ ಪವರ್‌ಪಾಯಿಂಟ್‌ನಲ್ಲಿ ಪ್ರತಿ ಸ್ಲೈಡ್‌ನ ಕೆಳಗಿರುವ ನೋಟ್ಸ್ ಜಾಗದಲ್ಲಿ ಅದೇ ಸಾಲುಗಳನ್ನು ದೇವನಾಗರಿಯಲ್ಲಿ ಹಾಕಿ. ಪ್ರೆಸೆಂಟರ್ ವ್ಯೂ ಇಟ್ಟರೆ ಅದು ನಡೆಸುವವನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಾಣುತ್ತದೆ, ಸಭೆಗೆ ಕನ್ನಡವೇ ಕಾಣುತ್ತದೆ. ಲಿಪಿ ಬದಲಿಸಲು ಅಕ್ಷರಮುಖ ಎಂಬ ಉಚಿತ ಸಾಧನ ಇಂಟರ್ನೆಟ್‌ನಲ್ಲಿದೆ, ಕೂತು ಟೈಪ್ ಮಾಡಬೇಕಾಗಿಲ್ಲ. ವಾರವಾರ ಎರಡೂ ಲಿಪಿಯನ್ನು ಒಟ್ಟಿಗೆ ನೋಡುತ್ತಾ ಹೋದರೆ ಕೆಲವರಿಗೆ ಕನ್ನಡ ಓದುವುದೂ ಬಂದುಬಿಡುತ್ತದೆ. ಅಜ್ಜಿಯರಿಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಅಂದಹಾಗೆ ಹಳೇ ಸ್ಲೈಡ್‌ಗಳು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಇರಬಹುದು. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಒಮ್ಮೆ ಕೂತು ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ತಿಳಿಯುವ ಅಕ್ಷರ ಪದ್ಧತಿಗೆ ಬದಲಿಸಿ. ಆಗ ಮಾತ್ರ ಲಿಪಿ ಬದಲಿಸುವ ಸಾಧನವೂ ಕೆಲಸ ಮಾಡುತ್ತದೆ. ಒಂದು ಸ್ಲೈಡ್‌ಗೆ ನಾಲ್ಕು ಸಾಲು ಸಾಕು. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಹಿನ್ನೆಲೆಗೆ ಜಲಪಾತ, ಸೂರ್ಯೋದಯ ಬೇಡ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಪ್ರತಿ ಚರಣದ ಕೊನೆಗೂ ಪಲ್ಲವಿಯ ಸ್ಲೈಡನ್ನು ಮತ್ತೆ ಸೇರಿಸಿ, ಹಿಂದಕ್ಕೆ ಓಡುವ ಗಡಿಬಿಡಿ ತಪ್ಪುತ್ತದೆ.

ತರಬೇತಿ ಅಂತ ದಿನವಿಡೀ ಸೆಮಿನಾರ್ ಇಡಬೇಡಿ. ಶನಿವಾರ ಕ್ವಾಯರ್ ಅಭ್ಯಾಸಕ್ಕೆ ಈ ಮಕ್ಕಳನ್ನೂ ಕರೆಯಿರಿ. ಅಲ್ಲಿ ಅವರೇ ಸ್ಲೈಡ್ ಒತ್ತಲಿ. ಕ್ವಾಯರ್‌ನವರು ಬೇಕೆಂದೇ ಒಂದು ಚರಣ ಬಿಟ್ಟು ಹಾಡಲಿ, ಪಲ್ಲವಿ ಎರಡು ಸಲ ಹೇಳಲಿ. ಸ್ಲೈಡ್ ಶೋ ನಡೆಯುವಾಗ ಸ್ಲೈಡ್‌ನ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ನೇರ ಅಲ್ಲಿಗೇ ಹೋಗುತ್ತದೆ. ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಪ್ರಾರ್ಥನೆಯ ಹೊತ್ತಿಗೆ ಅದು ಬೇಕು. ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ ಎಕ್ಸ್‌ಟೆಂಡ್ ಆರಿಸುವುದನ್ನೂ ಕಲಿಸಿ, ಆಗ ಲ್ಯಾಪ್‌ಟಾಪ್‌ನಲ್ಲಿ ಒಂದು, ಪರದೆಯಲ್ಲಿ ಇನ್ನೊಂದು ಕಾಣುತ್ತದೆ. ಇಲ್ಲದಿದ್ದರೆ ಅವರ ವಾಟ್ಸಾಪ್ ಮೆಸೇಜ್ ಸಭೆಗೂ ಕಾಣುತ್ತದೆ! ಇವಿಷ್ಟು ಕೈಗೆ ಬಂದರೆ ಮುಕ್ಕಾಲು ಪಾಲು ಬಂದ ಹಾಗೆ.

ಕಷ್ಟದ್ದು ಸಮಯ. ಸಾಲು ಮುಗಿದ ಮೇಲೆ ಒತ್ತಿದರೆ ತಡವಾಯಿತು. ಕೊನೆ ಸಾಲಿನ ಕೊನೇ ಪದ ಹಾಡುತ್ತಿರುವಾಗಲೇ ಮುಂದಿನದು ಬರಬೇಕು, ಜನರ ಕಣ್ಣು ಬಾಯಿಗಿಂತ ಮುಂದಿರುತ್ತದೆ. ಇದು ಹೇಳಿ ಬರುವುದಲ್ಲ. ಪರದೆ ನಡೆಸುವವನೂ ಮೆಲ್ಲಗೆ ಹಾಡಿಕೊಳ್ಳಬೇಕು. ಹಾಡು ಇಷ್ಟವಿಲ್ಲದ ಕಂಪ್ಯೂಟರ್ ಪಂಡಿತನಿಗಿಂತ ಹಾಡುವ ಹುಡುಗಿಯನ್ನೇ ನಾನು ಆರಿಸುತ್ತೇನೆ.

ಮೊದಮೊದಲು ಹಾಡುಗಳನ್ನಷ್ಟೇ ಕೊಡಿ. ವಚನ ಹಾಕುವುದನ್ನು ಆಮೇಲೆ ಕೊಡಿ, ಪಾಸ್ಟರ್ ಪ್ರಸಂಗದ ಮಧ್ಯೆ ಹೇಳದೇ ಇದ್ದ ಅಧ್ಯಾಯಕ್ಕೆ ಹಾರಿಬಿಡುತ್ತಾರೆ. ಶನಿವಾರ ಸಂಜೆಯೊಳಗೆ ವಚನಗಳ ಪಟ್ಟಿ ಕೊಡುವಂತೆ ಅವರನ್ನೂ ಒಪ್ಪಿಸಿ. ಪ್ರತಿ ವಾರಕ್ಕೂ ಇಬ್ಬರ ಹೆಸರು ಹಾಕಿ, ಅವರು ಬೇರೆ ಬೇರೆ ರೈಲು ಮಾರ್ಗದವರಾಗಿರಲಿ. ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ನಿಮಗೆ ಗೊತ್ತೇ ಇದೆ. ಇನ್ನೊಂದು ಮಾತು ಹಿರಿಯರಿಗೆ: ಸ್ಲೈಡ್ ತಪ್ಪಿದಾಗ ಇಡೀ ಸಭೆ ಹಿಂದೆ ತಿರುಗಿ ನೋಡುತ್ತದಲ್ಲ, ದಯವಿಟ್ಟು ಅದನ್ನು ನಿಲ್ಲಿಸಿ. ಮಕ್ಕಳು ಕೆಲಸ ಬಿಡುವುದು ಆ ನೋಟಕ್ಕೇ.

ಪ್ರಶ್ನೆ: ಲೈವ್‌ನಲ್ಲಿ ಪಾಸ್ಟರ್ ಮಾತು ಗುಂಯ್ ಎನ್ನುತ್ತದೆ, ಊರಿನಲ್ಲಿರುವವರಿಗೆ ಏನೂ ತಿಳಿಯುವುದಿಲ್ಲ. ದೊಡ್ಡ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಬೇಡ. ದೂರದಲ್ಲಿಟ್ಟ ಮೊಬೈಲ್ ತನ್ನ ಮೈಕ್‌ನಿಂದಲೇ ಧ್ವನಿ ಹಿಡಿದರೆ ಕಟ್ಟಡದ ಪ್ರತಿಧ್ವನಿಯೇ ಜಾಸ್ತಿ ಬರುತ್ತದೆ. ಮೈಕ್‌ಗಳೆಲ್ಲ ಸೇರುವ ಮಿಕ್ಸರ್‌ನಲ್ಲಿ ಆಕ್ಸ್ ಔಟ್ ಎಂಬ ಬೇರೆ ಧ್ವನಿ ಕಿಂಡಿ ಇರುತ್ತದೆ, ಅದರಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಲ್ಯಾಪ್‌ಟಾಪ್‌ಗೆ ಧ್ವನಿ ತೆಗೆದುಕೊಳ್ಳಿ. ಲೈವ್ ಕಳಿಸಲು ಒಬಿಎಸ್ ಎಂಬ ತಂತ್ರಾಂಶ ಸಾಕು, ಅದು ಉಚಿತ. ಆದರೆ ಮಿಕ್ಸರ್‌ನ ಧ್ವನಿಯಷ್ಟೇ ಹೋದರೆ ಸಭೆ ಹಾಡುವುದು ಕೇಳಿಸುವುದಿಲ್ಲ. ಜನರ ಕಡೆಗೆ ಒಂದು ಮೈಕ್ ಇಟ್ಟು, ಲೈವ್‌ಗೆ ಮಾತ್ರ ಸ್ವಲ್ಪ ಸೇರಿಸಿ, ಸ್ಪೀಕರ್‌ಗೆ ಬಿಡಬೇಡಿ. ಬಿಟ್ಟರೆ ಕೀಂಯ್ ಎಂದು ಕಿರುಚುತ್ತದೆ. ಹೊಸ ಚಾನೆಲ್ ಆದರೆ ಲೈವ್ ಸೌಲಭ್ಯ ತೆರೆಯಲು 24 ಗಂಟೆವರೆಗೆ ಬೇಕಾಗಬಹುದು, ಶುಕ್ರವಾರವೇ ಶುರು ಮಾಡಿ.