ಹಾಸಿಗೆ ಹಿಡಿದ ಅಮ್ಮನನ್ನು ಒಬ್ಬಳೇ ನೋಡಿಕೊಳ್ತಿದ್ದೀನಿ, ತಂಗಿ ದೂರದಲ್ಲಿದ್ದಾಳೆ. ನನ್ನ ಮನಸ್ಸು, ನಿದ್ದೆ ಹೇಗಿದೆ ಅಂತ ತಿಳಿಯೋಕೆ ಯಾವ ವಾಚ್, ಯಾವ ಆ್ಯಪ್ ಒಳ್ಳೇದು?

ವಾಚ್ ಬೇಡ. ಅದನ್ನು ನಂಬಿ ಕೆಟ್ಟವಳು ನಾನು.

ನಮ್ಮಪ್ಪನಿಗೆ ಮರೆವಿನ ಕಾಯಿಲೆ. ನಡುರಾತ್ರಿ ಎದ್ದು ಚಿಲಕ ತೆಗೆಯೋರು, ಎಂದೋ ಬಿಟ್ಟ ಆಫೀಸಿಗೆ ಹೊರಡೋರು. ಪಕ್ಕದ ಮಂಚದಲ್ಲಿ ನಾನು ಕದಲದೆ ಮಲಗಿ, ಅವರು ಮಗ್ಗುಲಾಗುವ ಸದ್ದಿಗೆ ಕಿವಿಗೊಟ್ಟೇ ಬೆಳಗು ಮಾಡ್ತಿದ್ದೆ. ಎದ್ದು ನೋಡಿದರೆ ವಾಚಿನಲ್ಲಿ 'ನಿದ್ದೆ ಚೆನ್ನಾಗಿದೆ' ಅಂತ ಬಂದಿರೋದು! ಇದನ್ನು ಸ್ವಲ್ಪ ಉದ್ದವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ವಾಚುಗಳು ನಿದ್ದೆಯನ್ನು ನೇರವಾಗಿ ಅಳೆಯಲ್ಲ. ಕೈ ಎಷ್ಟು ಅಲುಗಿತು, ಎದೆಬಡಿತ ಹೇಗಿತ್ತು ಅಂತ ನೋಡಿ ಅಂದಾಜು ಹಾಕ್ತವೆ ಅಷ್ಟೇ. ಆಸ್ಪತ್ರೆಯ ನಿದ್ದೆ ಪರೀಕ್ಷೆಯಲ್ಲಾದರೆ ತಲೆಗೆ ವೈರು ಅಂಟಿಸಿ ಮಿದುಳಿನ ಅಲೆಗಳನ್ನೇ ನೋಡ್ತಾರೆ. ಎಚ್ಚರವಿದ್ದೂ ಅಲುಗದೆ ಬಿದ್ದುಕೊಂಡವರನ್ನು ವಾಚು ಸುಲಭವಾಗಿ ನಿದ್ದೆಯ ಲೆಕ್ಕಕ್ಕೆ ಸೇರಿಸಿಬಿಡುತ್ತೆ. ರೋಗಿಯ ಪಕ್ಕ ಮಲಗೋರು ಹಾಗೇ ತಾನೇ ಬಿದ್ದಿರೋದು?

ಕಣ್ಣು ಉರೀತಿದ್ದರೂ ನಾನು ಮೈ ಮಾತು ಕೇಳದೆ ಆ ಅಂಕಿಯನ್ನೇ ನಂಬಿದೆ. "ಅಕ್ಕಾ, ವಾರಕ್ಕೆರಡು ರಾತ್ರಿ ನಾನು ಬಂದು ಮಲಗ್ಲಾ?" ಅಂತ ತಮ್ಮ ಕೇಳಿದಾಗ ಸ್ಕ್ರೀನ್‌ಶಾಟ್ ಕಳಿಸಿ, "ಬೇಡ ಕಣೋ, ಆರಾಮಾಗಿದೀನಿ" ಅಂದೆ. ಅವನೂ ಸುಮ್ಮನಾದ. ಆಮೇಲೊಂದು ಬೆಳಿಗ್ಗೆ ಮಂಪರಿನಲ್ಲಿ ಅಪ್ಪನಿಗೆ ರಾತ್ರಿಯ ಮಾತ್ರೆ ಕೊಟ್ಟುಬಿಟ್ಟೆ. ತೂಕಡಿಸ್ತಾನೇ ಬಚ್ಚಲಿಗೆ ಹೋದವರು ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮೂಡ್ ಆ್ಯಪ್ ವಿಷಯವೂ ಅಷ್ಟೇ. ದಿನಾ ಅಳುವ ಮುಖ ಒತ್ತಿ ಫೋನ್ ಕೆಳಗಿಟ್ಟರೆ ಯಾರಿಗೆ ಗೊತ್ತಾಗುತ್ತೆ?

ಅಳೆಯಲೇಬೇಕು ಅಂದ್ರೆ ಝಾರಿಟ್ ಪ್ರಶ್ನಾವಳಿ ಹುಡುಕಿ. ಆರೈಕೆ ಮಾಡೋರ ಮೇಲಿನ ಹೊರೆ ತಿಳಿಯೋಕೆಂದೇ 1980ರಲ್ಲಿ ಬಂದದ್ದು. ಈಗ ಹೆಚ್ಚಾಗಿ ಬಳಸೋದರಲ್ಲಿ 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಗರಿಷ್ಠ 88. ಮೊತ್ತ ಹಾಗಿರಲಿ, ರೋಗಿಯ ಹತ್ತಿರ ಇರುವಾಗ ನಿಮಗೆ ಸಿಟ್ಟು ಬರುತ್ತಾ ಅಂತ ನನ್ನನ್ನು ಮುಖಕ್ಕೇ ಕೇಳಿದ್ದು ಅದೊಂದೇ. ತಿಂಗಳಿಗೊಮ್ಮೆ ತುಂಬಿ ತಮ್ಮನಿಗೆ ಕಳಿಸ್ತೀನಿ. ಖಿನ್ನತೆ ಇದೆಯಾ ಅಂತ ನೋಡುವ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಗಳ ಪಟ್ಟಿ ಕೂಡ ತುಂಬಬಹುದು. ಆದರೆ ಅದರ ಕೊನೇ ಪ್ರಶ್ನೆಗೆ, ಅಂದ್ರೆ ಸತ್ತರೇ ಮೇಲು ಅನ್ನಿಸುತ್ತಾ ಅನ್ನೋದಕ್ಕೆ, 0 ಬಿಟ್ಟು ಬೇರೇನು ಬಂದರೂ ಅಂಕ ಕೂಡುತ್ತಾ ಕೂರಬೇಡಿ. ಅವತ್ತೇ ಡಾಕ್ಟರನ್ನು ನೋಡಿ.

ನಮ್ಮನೇಲಿ ಈಗ ನಡೀತಿರೋದು ಗೋಡೆ ಕ್ಯಾಲೆಂಡರ್. ರಾತ್ರಿ ಯಾರ ಪಾಳಿ ಅಂತ ಬರೀತೀವಿ. ನನ್ನ ಹೆಸರೇ ಸಾಲಾಗಿ ಬಂತು ಅಂದ್ರೆ ತಮ್ಮ ಕೇಳದೇನೇ ಬ್ಯಾಗ್ ಹಿಡಿದು ಬರ್ತಾನೆ. ನಿಮ್ಮ ತಂಗಿಗೆ ಬರೋಕಾಗಲ್ಲ, ಸರಿ. ರಾತ್ರಿ ಹೊತ್ತು ನೋಡಿಕೊಳ್ಳೋಕೆ ಜನ ಇಟ್ಟರೆ ಸಂಬಳಕ್ಕೆ ಎಷ್ಟು ಹಾಕ್ತೀಯಾ ಅಂತ ಇವತ್ತೇ ಕೇಳಿ. ವಾಚಿಗೆ ಎತ್ತಿಟ್ಟ ದುಡ್ಡನ್ನೂ ಅದಕ್ಕೇ ಸೇರಿಸಿ.